ಉಪ್ಪಿನ ಬಾಡಿಗೆ

ಅಪ್ಪನ ನೋಟ್‌ಬುಕ್ಕಿನಲ್ಲಿ ಕಿಲೋಮೀಟರು ಅನ್ನುವ ಮಾತೇ ಇಲ್ಲ. ಎಲ್ಲ ಮೈಲಿ. ಅವನು ಹಳೆಯ ಟಾಟಾ ಮರ್ಸಿಡಿಸ್ ಲಾರಿ ಕೊಂಡದ್ದು 1968ರಲ್ಲಿ. ಅಷ್ಟರಲ್ಲಿ ಮೆಟ್ರಿಕ್ ಅಳತೆ ಬಂದು ಹತ್ತು ವರ್ಷವಾಗಿತ್ತು, ಆಣೆ ಹೋಗಿ ನಯಾ ಪೈಸೆ ಬಂದು ಹನ್ನೊಂದು ವರ್ಷ. ಆದರೂ ಅವನು ಕ್ಲೀನರ್ ಆಗಿದ್ದಾಗ ಕಲಿತ ಲೆಕ್ಕ ಮೈಲಿಗೆ ಇಷ್ಟಾಣೆ ಅನ್ನುವುದು. ಸಾಯುವತನಕ ಅದನ್ನು ಬಿಡಲಿಲ್ಲ. ಮೊದಲನೇ ಪುಟದ ಮೇಲೆ ಪೆನ್ಸಿಲಿನಲ್ಲಿ ದಪ್ಪಗೆ ಬರೆದಿದ್ದಾನೆ: "ಮೈಲಿಗೆ ಹನ್ನೆರಡಾಣೆ. ಇದರ ಕೆಳಗ ಒಲ್ಲೆ ಅನ್ನು."

ನಮ್ಮದು ಹುಬ್ಬಳ್ಳಿ. ಅಪ್ಪನ ದಾರಿ ಒಂದೇ: ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಇಳಿಯುವಾಗ ಮೆಣಸಿನಕಾಯಿ, ಜೋಳ, ಕೆಲವೊಮ್ಮೆ ಹತ್ತಿ. ಏರುವಾಗ ಹೆಂಚು ಸಿಕ್ಕರೆ ಹಬ್ಬ. ಸಿಗದಿದ್ದರೆ ಸಾಣಿಕಟ್ಟೆಯ ಉಪ್ಪು. ಪುಟಕ್ಕೆ ನಾಲ್ಕು ಗೀಟು ಎಳೆದು ನಾಲ್ಕು ಕಾಲಂ ಮಾಡುತ್ತಿದ್ದ: ಎಣ್ಣೆ, ಊಟ, ನಾಕಾ, ರಿಪೇರಿ. ಉಪ್ಪು ಹೇರಿದ ದಿನ ಮಾತ್ರ ಐದನೆಯದೊಂದು ಕಾಲಂ ಹುಟ್ಟುತ್ತಿತ್ತು. ಅದರ ತಲೆಗೆ 'ತುಕ್ಕು' ಎಂದು ಬರೆದು ಟ್ರಿಪ್ಪಿಗೆ ಐದು ರೂಪಾಯಿ ಹಾಕುತ್ತಿದ್ದ. ಆ ಐದು ರೂಪಾಯಿಯನ್ನು ಯಾರಿಗೂ ಕೊಡುತ್ತಿರಲಿಲ್ಲ, ಒಂದು ಬೋರ್ನ್‌ವಿಟಾ ಡಬ್ಬಿಗೆ ಹಾಕುತ್ತಿದ್ದ.

ಉಪ್ಪಿನ ಬಾಡಿಗೆ ಕಡಿಮೆ, ಆದರೆ ಖರ್ಚು ಗುಪ್ತ. ಗೋಣಿಚೀಲದ ಉಪ್ಪು ಘಟ್ಟದ ತೇವಕ್ಕೆ ಬೆವರುತ್ತದೆ. ಆ ನೀರು ಹಲಗೆಯ ಸಂದಿಯಿಂದ ಇಳಿದು ಚಾಸಿಯ ಮೇಲೆ, ಪಾಟಾಗಳ, ಅಂದರೆ ಸ್ಪ್ರಿಂಗಿನ ಪಟ್ಟಿಗಳ, ನಡುವೆ ಕೂರುತ್ತದೆ. ಮನೆಗೆ ಬಂದ ರಾತ್ರಿಯೇ ನಾನೂ ಅವ್ವನೂ ಕೊಡದಲ್ಲಿ ನೀರು ಹೊತ್ತು ಗಾಡಿಯ ಹೊಟ್ಟೆ ತೊಳೆಯಬೇಕು; ಒಣಗಿದ ಮೇಲೆ ಅಪ್ಪ ಎಂಜಿನ್ನಿನಿಂದ ಇಳಿಸಿದ ಸುಟ್ಟ ಎಣ್ಣೆಯಲ್ಲಿ ಗೋಣಿತಾಟನ್ನು ಅದ್ದಿ ಪಾಟಾಗಳಿಗೆ ಸವರುತ್ತಿದ್ದ. ಇಷ್ಟಾದರೂ ಎರಡು ಮಳೆಗಾಲಕ್ಕೆ ಕಬ್ಬಿಣ ಹಪ್ಪಳದಂತೆ ಎದ್ದುಬರುತ್ತಿತ್ತು. "ಇವತ್ತಿನ ಬಾಡಿಗಿ ಇವತ್ತ ಕಾಣ್ತೈತಿ, ತುಕ್ಕು ಎರಡು ವರ್ಷಕ್ಕ ಕಾಣ್ತೈತಿ. ಕಾಣೂದರಾಗ ಬರೀ" ಎನ್ನುತ್ತಿದ್ದ. ಸವಕಳಿ ಎನ್ನುವ ಪಾಠವನ್ನು ನಾನು ಕಾಮರ್ಸ್ ಕಾಲೇಜಿನಲ್ಲಿ ಕಲಿತೆ ಎಂದುಕೊಂಡಿದ್ದೆ. ಅದು ಬೋರ್ನ್‌ವಿಟಾ ಡಬ್ಬಿಯಲ್ಲಿ ಮೊದಲೇ ಇತ್ತು.

ಈ ಘಟ್ಟಕ್ಕೆ ಉಪ್ಪಿನ ಲೆಕ್ಕ ಹೊಸದಲ್ಲ. ಲಾರಿ ಬರುವುದಕ್ಕೆ ಬಹಳ ಮುಂಚೆ ಲಂಬಾಣಿಗರ ಹೇರೆತ್ತುಗಳು ಬಯಲುಸೀಮೆಯ ಕಾಳು ಹೊತ್ತು ಇಳಿದು, ಕರಾವಳಿಯ ಉಪ್ಪು ಹೊತ್ತು ಏರುತ್ತಿದ್ದವು. ಬರಿಗೈಲಿ ಹತ್ತಿದರೆ ಎತ್ತಿಗೂ ಮೇವು ಬೇಕಲ್ಲ. ಆಮೇಲೆ ಹತ್ತಿಯ ಕಾಲ ಬಂತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ. ಅದು ಹಡಗು ಹತ್ತುವ ಬಂದರು ಬೇಕೆಂದೇ ಮುಂಬಯಿಯ ವ್ಯಾಪಾರಸ್ಥರು ಹಟ ಹಿಡಿದರು. ಹೀಗೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಬಂತು. ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ ಹತ್ತಿ' ಎಂದು ಹೆಸರು. ಕುಮಟೆಯಲ್ಲಿ ಬೆಳೆದದ್ದಕ್ಕಲ್ಲ, ಅಲ್ಲಿಂದ ಹಡಗೇರಿದ್ದಕ್ಕೆ. ಹುಬ್ಬಳ್ಳಿಗೆ ರೈಲು ಬಂದ ಮೇಲೆ ಗಾಡಿಕಾರರ ಆ ದುಡಿಮೆ ಮುಗಿಯಿತು. ಸಾಗಿಸುವವನ ಹಣೆಬರಹ ಎಲ್ಲೋ ದೂರದವರು ಬರೆಯುವುದು ಈ ದಾರಿಗೆ ರೂಢಿ.

ಅಪ್ಪನ ಮೂರನೇ ಕಾಲಂಗೆ ಬರೋಣ. ನಾಕಾ ಎಂದರೆ ಆಕ್ಟ್ರಾಯ್. ಪ್ರತಿ ಪಟ್ಟಣದ ಬಾಗಿಲಲ್ಲೂ ಒಂದು ಕಟ್ಟೆ, ಒಂದು ಅಡ್ಡಗಂಬ, ಒಂದು ಲಾಂದ್ರ, ಒಬ್ಬ ಗುಮಾಸ್ತ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುವ ಗಾದೆ ನಮ್ಮ ಪೈಕಿಯವರೇ ಕಟ್ಟಿದ್ದಿರಬೇಕು. ಸುಂಕ ಮಾಲಿನವರದು, ಕಾಯುವ ಹೊತ್ತು ಲಾರಿಯವನದು. ಆ ಹೊತ್ತಿಗೆ ಕಾಲಂ ಇರಲಿಲ್ಲ. ಬೇಗ ಬಿಡಲೆಂದು ಕೊಟ್ಟದ್ದಕ್ಕೆ ಮಾತ್ರ ಇತ್ತು, 'ಚಾ' ಎಂಬ ಹೆಸರಿನಲ್ಲಿ. ಒಂದು ದಿನದ ಪುಟದಲ್ಲಿ ಅಪ್ಪ ಹದಿನೇಳು ಚಾ ಕುಡಿದಿದ್ದಾನೆ. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾಯಿತು. ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಪೂರ್ತಿ ಅಳಿದದ್ದು ಅದೊಂದೇ ಸಲ. ಬೆಂಗಳೂರಿನ ಸುಂಕದಕಟ್ಟೆಯ ಮೂಲಕ ಹಾದುಹೋಗುವಾಗೆಲ್ಲ ನನಗೆ ಆ ಪುಟ ನೆನಪಾಗುತ್ತದೆ.

ಪರ್ಮಿಟ್ಟಿನ ವಿಷಯ ಚುಟುಕಾಗಿ ಹೇಳುತ್ತೇನೆ, ಅದರಲ್ಲಿ ರಸವಿಲ್ಲ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ರಾಜ್ಯ ದಾಟಬೇಕಾದರೆ ಆಯಾ ರಾಜ್ಯದ ಮೇಲುಸಹಿ ಬೇಕಿತ್ತು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂತು, ಆದರೆ ಎಣಿಸಿದಷ್ಟೇ. 2010ರಲ್ಲಿ ವರ್ಷಕ್ಕೆ 15,000 ರೂಪಾಯಿ ಕಟ್ಟಿದರೆ ದೇಶವಿಡೀ ಓಡಬಹುದು ಎಂದಾಯಿತು. ಈ ನಡುವೆ 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾಗಿ, ಹೊಲ ಇಲ್ಲದವನಿಗೂ ಲಾರಿಗೆ ಸಾಲ ಸಿಗುವಂತಾಯಿತು. ಅಲ್ಲಿಗೆ 'ಕಂತು' ಎನ್ನುವ ಕಾಲಂ ಹುಟ್ಟಿತು. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಸಾಗಣೆ ವ್ಯಾಪಾರ ಶುರುಮಾಡಿ ಬೆಳೆದದ್ದನ್ನು ನಮ್ಮ ಕಡೆ ಹೇಳದ ಬಾಯಿಲ್ಲ. ಆ ಒಂದು ಲಾರಿಯ ಕಥೆ ಕೇಳಿ ಮನೆ ಒತ್ತೆಯಿಟ್ಟವರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರ ಬಳಿ ಕೊನೆಗೂ ಒಂದೇ ಲಾರಿ ಇತ್ತು, ಇಲ್ಲ ಅದೂ ಇರಲಿಲ್ಲ.

ನಾನು ಸ್ಟಿಯರಿಂಗ್ ಹಿಡಿದದ್ದು 1984ರಲ್ಲಿ. ಇಪ್ಪತ್ತು ವರ್ಷ ಅಪ್ಪನ ಲೆಕ್ಕದಲ್ಲೇ ಬದುಕಿದೆ. ಕೆಟ್ಟದ್ದು ಅದಿರಿನ ಕಾಲದಲ್ಲಿ. ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಎದ್ದು, 2003ರ ನಂತರ ಸಂಡೂರು–ಹೊಸಪೇಟೆಯ ಕೆಂಪು ಮಣ್ಣಿಗೆ ಬಂಗಾರದ ಬಣ್ಣ ಬಂತು. ಹೊಸಪೇಟೆಯಿಂದ ಬೇಲೆಕೇರಿ ಬಂದರಿಗೆ ಸುಮಾರು 280 ಕಿ.ಮೀ. ಆಗ 63ನೇ ನಂಬರಿನ ಹೈವೇ. ಅರಬೈಲ್ ಘಟ್ಟ ಮತ್ತೆ ಅದೇ. ಬಾಡಿಗೆ ಟನ್ನಿನ ಮೇಲೆ. ಟನ್ನಿನ ಮೇಲೆ ಬಾಡಿಗೆ ಎಂದರೆ ಕಿಲೋಮೀಟರಿನ ಲೆಕ್ಕ ಮರೆಯಿರಿ ಎಂದೇ ಅರ್ಥ. ಹತ್ತು ಚಕ್ರದ ಗಾಡಿಗೆ ಆಗ ಒಟ್ಟು ತೂಕ 25 ಟನ್ ಮೀರಬಾರದು. ಮಾಲು 16 ಟನ್ ಹಿಡಿದರೆ ಹೆಚ್ಚು. ನಾನು 25 ಟನ್ ಮಾಲನ್ನೇ ಹಾಕುತ್ತಿದ್ದೆ. ಓವರ್‌ಲೋಡ್ ಕೂಡದೆಂದು 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಕೇಳಿಸಿಕೊಂಡವರು ಕಡಿಮೆ, ನಾನಂತೂ ಅಲ್ಲ.

ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ ಅರಚಿಕೊಳ್ಳುತ್ತದೆ, ಬ್ರೇಕ್ ಲೈನರ್ ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ, ಮುಂದಿನ ಲಾರಿಯ ಕೆಂಪು ದೂಳಿನಲ್ಲಿ ಅದರ ಕೆಂಪು ದೀಪ ಕಾಣುವುದಿಲ್ಲ. ಕೆಳಗಿಳಿದು ನಿಲ್ಲಿಸಿ ಕ್ಲೀನರ್ ಹುಡುಗ ರಾಡಿನಿಂದ ಹತ್ತೂ ಟೈರಿಗೆ ಬಡಿಯುತ್ತಿದ್ದ. ಗಾಳಿ ಸರಿಯಿದ್ದ ಟೈರು ಟಣ್ ಎನ್ನುತ್ತದೆ, ಇಳಿದದ್ದು ಧಪ್ ಎನ್ನುತ್ತದೆ. ಒಳಗಿನ ಟೈರು ಧಪ್ ಎಂದರೆ ಅವತ್ತಿನ ಲಾಭ ಅಲ್ಲಿಗೇ ಮುಗಿಯಿತು. 40 ಸಾವಿರ ಕಿ.ಮೀ. ಬಾಳಬೇಕಾದ ನೈಲಾನ್ ಟೈರು ನನ್ನ ಗಾಡಿಯಲ್ಲಿ 18 ಸಾವಿರಕ್ಕೇ ನೂಲು ತೋರಿಸಿತು. ಪಾಟಾ ಮುರಿದದ್ದು ಲೆಕ್ಕವಿಲ್ಲ. ಆದರೆ ವಾರಕ್ಕೊಮ್ಮೆ ಕೈಗೆ ಬರುವ ನೋಟಿನ ಕಟ್ಟು ದಪ್ಪವಿತ್ತು. ಅದನ್ನೇ ಲಾಭ ಎಂದುಕೊಂಡು ಕಂತಿನ ಮೇಲೆ ಎರಡನೇ ಲಾರಿ ತಂದೆ. ಅಪ್ಪ ಆಗಿನ್ನೂ ಇದ್ದ. ಗಾಡಿಯ ಸುತ್ತ ಒಂದು ಸುತ್ತು ಬಂದು ಕೇಳಿದ: "ತುಕ್ಕಿನ ಡಬ್ಬಿ ಎಲ್ಲೈತೋ?" ನಾನು ನಕ್ಕೆ.

2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, ಅದರ ಬೆನ್ನಿಗೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ. ತಪ್ಪೆಂದು ನಾನು ಹೇಳುವುದಿಲ್ಲ. ಆ ಗುಡ್ಡಗಳನ್ನು ನೋಡಿದವರು ಹೇಳುವುದೂ ಇಲ್ಲ. ಆದರೆ ಲಾರಿಗಳು ನಿಂತವು. ಪೆಟ್ರೋಲ್ ಬಂಕಿನ ಹಿಂದೆ, ಹೊಲದ ಬದುವಿನಲ್ಲಿ, ಢಾಬಾದ ಪಕ್ಕ ಸಾಲಾಗಿ. ನಿಂತ ಗಾಡಿಗೆ ಡೀಸೆಲ್ ಬೇಡ, ಆದರೆ ಕಂತು, ಇನ್ಶೂರೆನ್ಸು, ತ್ರೈಮಾಸಿಕ ಟ್ಯಾಕ್ಸು ಬೇಕು. ಓಡದ ಗಾಡಿಯ ಕಿಲೋಮೀಟರ್ ಖರ್ಚು ಎಷ್ಟು ಎಂದು ಲೆಕ್ಕ ಹಾಕಲು ಹೋದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಸಾಲ ಕೊಟ್ಟವರು ಎರಡನೇ ಲಾರಿಯನ್ನು ಒಂದು ಬೆಳಿಗ್ಗೆ ಎಳೆದುಕೊಂಡು ಹೋದರು. ಮೊದಲನೆಯದನ್ನು ನಾನೇ ಗುಜರಿ ಬೆಲೆಗೆ ಮಾರಿದೆ.

ಆಮೇಲಿನದು ಇನ್ನೊಂದು ಗಾಡಿ, ಹೊಸ ನೋಟ್‌ಬುಕ್. ಕಾಲಂಗಳೂ ಹೊಸವು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು. 2017ರ ಜೂನ್‌ನಿಂದ ದರ ದಿನಾ ಬದಲಾಗುವಂತಾಯಿತು. ಅಪ್ಪ ದೀಪಾವಳಿಗೊಮ್ಮೆ ಬಾಡಿಗೆ ಮಾತಾಡಿದರೆ ಮುಂದಿನ ದೀಪಾವಳಿಯತನಕ ಅದೇ. ನನಗೆ ಆ ಭಾಗ್ಯವಿಲ್ಲ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ: ನಾಕಾ ಗಾಜಿನ ಮೇಲೆ ಅಂಟಿಕೊಂಡು ನನ್ನ ಜೊತೆಯೇ ಪ್ರಯಾಣ ಮಾಡುತ್ತದೆ, ಚಾ ಮಾತ್ರ ಕೇಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಮಾರಾಟ ತೆರಿಗೆ ಏರಿಸಿ ಡೀಸೆಲ್ ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ನಾನು ವರ್ಷಕ್ಕೆ ಸುರಿಯುವುದು 15 ಸಾವಿರ ಲೀಟರ್. ಎರಡು ರೂಪಾಯಿ ಅಂದರೆ ಮೂವತ್ತು ಸಾವಿರ. ಆ ತಿಂಗಳ ಲಾರಿ ಮುಷ್ಕರದಲ್ಲಿ ನಾನೂ ಗಾಡಿ ನಿಲ್ಲಿಸಿದ್ದೆ.

ಈಗಿನ ನನ್ನ ಹತ್ತು ಚಕ್ರದ ಗಾಡಿ ವರ್ಷಕ್ಕೆ 60 ಸಾವಿರ ಕಿ.ಮೀ. ಓಡುತ್ತದೆ. ಕಿಲೋಮೀಟರಿಗೆ ಡೀಸೆಲ್ 23 ರೂಪಾಯಿ, ಟೋಲ್ 4, ಟೈರು ಎರಡೂವರೆ, ಇನ್ಶೂರೆನ್ಸು–ಟ್ಯಾಕ್ಸು–ಎಫ್‌ಸಿ–ಪರ್ಮಿಟ್ 2, ರಿಪೇರಿ ಮತ್ತು ಹೊಗೆ ಶುದ್ಧ ಮಾಡುವ ಯೂರಿಯಾ 3, ತುಕ್ಕಿನ ಡಬ್ಬಿಗೆ ಎರಡೂವರೆ. ಒಟ್ಟು 37. ಓಡುವ ದೂರದಲ್ಲಿ ಮೂರನೇ ಒಂದು ಪಾಲು ಖಾಲಿ, ಆದ್ದರಿಂದ ಲೋಡ್ ಇದ್ದ ಕಿಲೋಮೀಟರಿಗೆ ಐವತ್ತೈದಾದರೂ ಬರಬೇಕು. ಬುಕಿಂಗ್ ಆಫೀಸಿನಲ್ಲಿ ಈ ಅಂಕಿ ಹೇಳಿದರೆ ಏಜೆಂಟ ಫೋನು ಇನ್ನೊಂದು ಕಿವಿಗೆ ಬದಲಿಸುತ್ತಾನೆ. ಮೂವತ್ತೈದಕ್ಕೂ ಒಪ್ಪುವವರು ಹೊರಗೆ ನಿಂತಿರುತ್ತಾರೆ. ಅವರ ಪುಟದಲ್ಲಿ ಡೀಸೆಲ್, ಟೋಲ್, ಊಟ ಮೂರೇ ಕಾಲಂ.

ಕಳೆದ ವರ್ಷ ಮಗಳು ನನ್ನ ನೋಟ್‌ಬುಕ್ಕನ್ನು ಮೊಬೈಲಿಗೆ ಏರಿಸುತ್ತ ಕೇಳಿದಳು, "ಅಪ್ಪಾ, ಡ್ರೈವರ್ ಪಗಾರ ಎಲ್ಲಿ?" ಡ್ರೈವರ್ ನಾನೇ ಎಂದೆ. "ಅದಕ್ಕ ಕೇಳಿದ್ದು." ಅಪ್ಪನ ಪುಟಗಳನ್ನೂ ತಿರುವಿ ನೋಡಿದೆವು. ಅವನು ತುಕ್ಕಿಗೆ ಐದು ರೂಪಾಯಿ ಎತ್ತಿಟ್ಟಿದ್ದಾನೆ, ತನಗೆ ಒಂದು ಆಣೆಯೂ ಇಲ್ಲ. ತಿಂಗಳಿಗೆ 25 ಸಾವಿರ ಎಂದು ಮಗಳು ಹೊಸ ಕಾಲಂ ಹಾಕಿದಳು. ಕಿಲೋಮೀಟರಿಗೆ 5 ರೂಪಾಯಿ. ಒಟ್ಟು 42 ಆಯಿತು. ಅಪ್ಪನ ಮೈಲಿಗೆ ತಿರುಗಿಸಿದರೆ 67 ರೂಪಾಯಿ ಚಿಲ್ಲರೆ. ಹನ್ನೆರಡು ತಿಂಗಳಲ್ಲಿ ಆ ಕಾಲಂ ತುಂಬಿದ್ದು ಐದು ತಿಂಗಳು.