ಹಸಿರು ಗಾಜಿನ ಪಾಠ

ನಗರಕ್ಕೆ ಬಂದ ನಮ್ಮವರು ಊರಿನ ಹಿತ್ತಿಲನ್ನು ಬಿಟ್ಟು ಬಂದರೂ ಗಿಡದ ಆಸೆಯನ್ನು ಬಿಟ್ಟು ಬಂದಿಲ್ಲ. ಮುಂಬಯಿಯ ಫ್ಲಾಟಾಗಲಿ, ಚೆನ್ನೈಯ ಬಾಡಿಗೆ ಮನೆಯಾಗಲಿ, ಕಿಟಕಿಯ ಬಳಿ ಒಂದು ಮನಿಪ್ಲಾಂಟೋ ಕ್ರೋಟನ್ನೋ ಇದ್ದೇ ಇರುತ್ತದೆ. ಅದನ್ನು ಬಿಸಿಲಿಗೆ ಇಡಬೇಕೋ, ನೆರಳಿಗೆ ಇಡಬೇಕೋ ಎಂಬ ಚರ್ಚೆಯೂ ಮನೆಮನೆಯಲ್ಲಿ ನಡೆಯುತ್ತದೆ. ಈ ಚರ್ಚೆಗೆ ಸ್ವಾರಸ್ಯವಾದ ಒಂದು ಇತಿಹಾಸವಿದೆ.

ಹಿಂದೆ ದೂರದೇಶದ ಗಿಡಗಳು ಹಡಗಿನ ಉಪ್ಪುಗಾಳಿಗೆ ಸಿಕ್ಕಿ ದಾರಿಯಲ್ಲೇ ಸಾಯುತ್ತಿದ್ದವು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಮುಚ್ಚಿದ ಗಾಜಿನ ಸೀಸೆಯೊಳಗೆ ಜರಿಗಿಡವೊಂದು ತಾನಾಗಿ ಚಿಗುರಿದ್ದನ್ನು ಕಂಡರು. ಅದೇ ತತ್ತ್ವದ ಮೇಲೆ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ 1833ರಲ್ಲಿ ಸಿಡ್ನಿಗೆ ಗಿಡಗಳನ್ನು ಕಳುಹಿಸಿದರು. ಅವು ಜೀವಂತವಾಗಿ ತಲುಪಿದವು. ಬೆಳಕು ಬೇಕೆಂದು ಪೆಟ್ಟಿಗೆಗಳನ್ನು ಹಡಗಿನ ಮೇಲಟ್ಟದಲ್ಲೇ ಇಡುತ್ತಿದ್ದರು.

ಮುಂದೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1844ರಿಂದ 1848ರವರೆಗೆ ತಾಳೆಮರಗಳಿಗಾಗಿ ಭವ್ಯವಾದ ಗಾಜಿನ ಮನೆ ಎದ್ದಿತು. ಅದಕ್ಕೆ ಬಳಸಿದ ಗಾಜು ಸುಮಾರು 16,000 ಹಾಳೆ. ಬಿಸಿಲಿನ ಶಾಖ ಎಲೆಗಳನ್ನು ಸುಟ್ಟೀತೆಂಬ ಭಯ ಎಲ್ಲರಿಗೂ ಇತ್ತು. ವಿಜ್ಞಾನಿ ರಾಬರ್ಟ್ ಹಂಟ್ ಪ್ರಯೋಗಗಳನ್ನು ನಡೆಸಿ, ತಾಮ್ರದ ಆಕ್ಸೈಡ್ ಬೆರೆಸಿದ ಹಸಿರು ಛಾಯೆಯ ಗಾಜನ್ನು ಸೂಚಿಸಿದರು. ಆದರೆ ಲಂಡನ್ನಿನ ಆಕಾಶದಲ್ಲಿ ಬಿಸಿಲೇ ಕಡಿಮೆ. ಕಲ್ಲಿದ್ದಲ ಹೊಗೆಯ ಮಸಿ ಬೇರೆ. ಸುಡುವ ಬಿಸಿಲಿಗೆ ಹೆದರಿ ಮಾಡಿದ ಏರ್ಪಾಟಿನಿಂದ ಗಿಡಗಳಿಗೆ ಬೆಳಕಿನ ಕೊರತೆಯೇ ಆಯಿತು. ಶತಮಾನ ಮುಗಿಯುವ ಹೊತ್ತಿಗೆ ಹಸಿರು ಗಾಜನ್ನು ಕೈಬಿಟ್ಟು ಬಿಳಿಯ ಗಾಜಿಗೆ ಮರಳಬೇಕಾಯಿತು.

ಕ್ಯೂನಲ್ಲಿ ತರಬೇತಿ ಪಡೆದ ಜಾನ್ ಕ್ಯಾಮರನ್ ನಮ್ಮ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದಾಗ, 1889ರಲ್ಲಿ ಅಲ್ಲಿಯ ಗಾಜಿನ ಮನೆಗೆ ಅಸ್ತಿಭಾರ ಬಿದ್ದಿತು. ಚಳಿಯಿಂದ ಗಿಡಗಳನ್ನು ಕಾಪಾಡುವ ಚಿಂತೆ ಬೆಂಗಳೂರಿಗಿರಲಿಲ್ಲ. ಆ ಕಟ್ಟಡ ಫಲಪುಷ್ಪ ಪ್ರದರ್ಶನಕ್ಕೆ ಹೆಸರಾಯಿತು.

ಹಾಗಾದರೆ ಸತ್ಯ ಯಾವುದು? ಮನೆಯೊಳಗಿನ ಗಿಡಗಳಲ್ಲಿ ಹೆಚ್ಚಿನವು ದಟ್ಟ ಕಾಡಿನ ಮರಗಳಡಿ ಬೆಳೆದವು. ಅಲ್ಲಿ ನೆಲಕ್ಕೆ ಬೀಳುವುದು ಮೇಲಿನ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು. ಆದ್ದರಿಂದ ಅವಕ್ಕೆ ನಡುಹಗಲಿನ ಬಿಸಿಲು ತಡೆಯದು. ಹಾಗೆಂದು ಕೋಣೆಯ ಮೂಲೆಯ ಕತ್ತಲೆಯೂ ಸಲ್ಲದು. ಬಯಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಆದರೆ, ಕಿಟಕಿಯಿಂದ ದೂರದ ಮೂಲೆಯಲ್ಲಿ ಅನೇಕ ವೇಳೆ ನೂರಿನ್ನೂರು ಲಕ್ಸ್ ಮಾತ್ರ. ನಮ್ಮ ಕಣ್ಣು ಕತ್ತಲಿಗೆ ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ತಿಳಿಯುವುದೇ ಇಲ್ಲ. ಕಾಂಡ ಸೊರಗಿ ನೀಳವಾದರೆ, ಕ್ರೋಟನ್ನಿನ ಬಣ್ಣ ಮಾಸಿದರೆ, ಬೆಳಕು ಸಾಲದೆಂದೇ ತಿಳಿಯಬೇಕು. ಎಲೆಯ ಮೇಲೆ ಬಿಳಿಚಿದ ಅಥವಾ ಕಂದು ಕಲೆ ಬಿದ್ದರೆ ಅದು ಬಿಸಿಲಿನ ಸುಟ್ಟ ಗಾಯ. ಆ ಕಲೆ ಮಾಯುವುದಿಲ್ಲ.

ಪೂರ್ವದ ಕಿಟಕಿಯ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೆ ಇಂಥ ಹೆಚ್ಚಿನ ಗಿಡಗಳಿಗೆ ಹಿತ. ಏಪ್ರಿಲ್-ಮೇ ತಿಂಗಳ ಪಶ್ಚಿಮದ ಬಿಸಿಲಿಗೆ ತೆಳುವಾದ ಪರದೆ ಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ದಕ್ಷಿಣದ ಕಿಟಕಿಯ ಬಿಸಿಲು ಕೋಣೆಯೊಳಗೆ ದೂರ ಬರುತ್ತದೆ. ಮುಂಬಯಿಗಿಂತ ದೆಹಲಿಯಲ್ಲಿ ಇದು ಇನ್ನೂ ಹೆಚ್ಚು. ಜಾಗ ಬದಲಿಸುವಾಗ ಒಂದೆರಡು ವಾರ ತಗೊಂಡು ಸ್ವಲ್ಪಸ್ವಲ್ಪವಾಗಿ ಸರಿಸುವುದು ಒಳ್ಳೆಯದು. ಹೊಸ ಊರಿನ ಬಿಸಿಲಿಗೆ ಹೊಂದಿಕೊಳ್ಳಲು ಗಿಡಕ್ಕೂ ಕಾಲ ಬೇಕೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.