ಗುಂಡಿನ ತೂತಿರುವ ಅಂಗಿ

ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಸಂಗ್ರಹದಲ್ಲಿ ಬೂದು ಬಣ್ಣದ ಹತ್ತಿಯ ಸಮವಸ್ತ್ರವೊಂದಿದೆ. ಅದರಲ್ಲಿ ಗುಂಡು ಹೊಕ್ಕ ತೂತೊಂದು, ಹೊರಬಂದ ತೂತೊಂದು. ಅದರ ಚಿತ್ರವನ್ನು ಮೊದಲ ಸಲ ನೋಡಿದಾಗ ಅಷ್ಟು ಸಣ್ಣ ತೂತುಗಳಲ್ಲಿ ಎಷ್ಟು ದೊಡ್ಡ ಕಥೆ ಅಡಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಅದನ್ನು ತೊಟ್ಟಿದ್ದವಳು ವಿವಿಯನ್ ಬುಲ್‌ವಿಂಕಲ್. ಹುಟ್ಟಿದ್ದು 1915ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಕಪುಂಡ ಎಂಬ ಸಣ್ಣ ಊರಿನಲ್ಲಿ. ದಾದಿಯ ತರಬೇತಿ ಪಡೆದದ್ದು ಬ್ರೋಕನ್ ಹಿಲ್ ಎಂಬ ದೂರದ ಗಣಿಯೂರಿನ ಆಸ್ಪತ್ರೆಯಲ್ಲಿ. ಯುದ್ಧ ಬಂದಾಗ ವಾಯುಪಡೆ ಸೇರಲು ಹೋದಳು. ಪಾದ ಚಪ್ಪಟೆ ಎಂದು ಬೇಡವೆಂದರು. ಭೂಸೇನೆಯ ದಾದಿಯರ ಪಡೆ ಸೇರಿಸಿಕೊಂಡಿತು. 1941ರಲ್ಲಿ ಮಲಯಾಕ್ಕೆ ಹೊರಟಳು.

1942ರ ಫೆಬ್ರವರಿ 12ರಂದು, ಸಿಂಗಾಪುರ ಬೀಳುವ ಮೂರು ದಿನ ಮೊದಲು, 65 ಆಸ್ಟ್ರೇಲಿಯನ್ ದಾದಿಯರನ್ನು ವೈನರ್ ಬ್ರೂಕ್ ಎಂಬ ಹಡಗಿಗೆ ಹತ್ತಿಸಿದರು. 14ರಂದು ಜಪಾನಿ ವಿಮಾನಗಳು ಅದನ್ನು ಮುಳುಗಿಸಿದವು. 12 ದಾದಿಯರು ಸಮುದ್ರದ ಪಾಲಾದರು. ವಿವಿಯನ್ ಸೇರಿ 22 ಮಂದಿ ಬಂಕಾ ದ್ವೀಪದ ರಾಡ್ಜಿ ಕಡಲತೀರದಲ್ಲಿ ಒಂದಾದರು.

ಶರಣಾಗುವುದೆಂದು ತೀರ್ಮಾನವಾಯಿತು. ಹೆಂಗಸರು, ಮಕ್ಕಳು ಪಟ್ಟಣದತ್ತ ನಡೆದರು. ದಾದಿಯರೂ ಹೋಗಬಹುದಿತ್ತು. ಆದರೆ ಮರಳಿನ ಮೇಲೆ ಗಾಯಾಳುಗಳು ಮಲಗಿದ್ದರು. ಅವರನ್ನು ಬಿಟ್ಟು ಕದಲಲಿಲ್ಲ. ನನಗೆ ಈ ಕಥೆಯ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ. ಮುಂದಾದದ್ದು ಶತ್ರುವಿನ ಕೃತ್ಯ. ಉಳಿಯುವ ನಿರ್ಧಾರ ಮಾತ್ರ ಅವರದೇ.

16ರಂದು ಸೈನಿಕರು ಬಂದರು. ಗಂಡಸರನ್ನು ಮರೆಗೆ ಕರೆದೊಯ್ದು ಕೊಂದರು. ದಾದಿಯರಿಗೆ ಕಡಲೊಳಗೆ ನಡೆಯಲು ಹೇಳಿ, ಹಿಂದಿನಿಂದ ಮೆಷಿನ್‌ಗನ್ ಹಾರಿಸಿದರು. 21 ದಾದಿಯರು ಸತ್ತರು. ಎಡ ಸೊಂಟದ ಮೇಲೆ ಗುಂಡು ಹಾಯ್ದ ವಿವಿಯನ್ ಸತ್ತಂತೆ ನೀರಲ್ಲಿ ತೇಲಿದಳು.

ಎದ್ದವಳಿಗೆ ಕಾಡಿನಲ್ಲಿ ಸಿಕ್ಕಿದ್ದು ಕಿಂಗ್ಸ್‌ಲಿ ಎಂಬ ಗಾಯಗೊಂಡ ಬ್ರಿಟಿಷ್ ಸಿಪಾಯಿ. ತನ್ನ ಗಾಯ ಇಟ್ಟುಕೊಂಡೇ ಅವನ ಆರೈಕೆ ಮಾಡಿದಳು. ಹಳ್ಳಿಯ ಹೆಂಗಸರು ಗುಟ್ಟಾಗಿ ಅನ್ನ ಕೊಟ್ಟರು. ಹನ್ನೆರಡು ದಿನಗಳಾದ ಮೇಲೆ ಇಬ್ಬರೂ ಶರಣಾದರು. ಅವನು ಸ್ವಲ್ಪ ದಿನದಲ್ಲೇ ತೀರಿಕೊಂಡ. ಅಂಗಿಯ ತೂತು ಕಾಣದಂತೆ ಅವಳು ನೀರಿನ ಬಾಟಲಿಯನ್ನು ಅಡ್ಡ ಹಿಡಿದಿದ್ದಳು. ಶಿಬಿರದಲ್ಲಿದ್ದ ಉಳಿದ ದಾದಿಯರಿಗೆ ವಿಷಯ ತಿಳಿಯಿತು. ಯಾರೂ ಬಾಯಿ ಬಿಡಲಿಲ್ಲ, ಮೂರೂವರೆ ವರ್ಷ. ಸೆರೆಯಲ್ಲಿ 8 ಮಂದಿ ಸತ್ತರು. 65ರಲ್ಲಿ ಮನೆ ಮುಟ್ಟಿದ್ದು 24.

1946ರಲ್ಲಿ ಟೋಕಿಯೊ ನ್ಯಾಯಮಂಡಳಿಯ ಮುಂದೆ ಆಕೆ ಸಾಕ್ಷಿ ಹೇಳಿದಳು. ಆ ಪೀಠದ ಹನ್ನೊಂದು ನ್ಯಾಯಾಧೀಶರಲ್ಲಿ ನಮ್ಮ ರಾಧಾಬಿನೋದ್ ಪಾಲ್ ಒಬ್ಬರು. ಆರೋಪಿ ನಾಯಕರೆಲ್ಲರನ್ನೂ ಬಿಡಬೇಕೆಂದು ಭಿನ್ನ ತೀರ್ಪು ಬರೆದವರು. ಹಾಗೆಂದು ಸೆರೆಯಾಳುಗಳ ಮೇಲೆ ಕ್ರೌರ್ಯ ನಡೆದದ್ದನ್ನು ಅವರು ಅಲ್ಲಗಳೆಯಲಿಲ್ಲ. ಆ ತೀರ್ಪನ್ನು ಹೆಮ್ಮೆಯಿಂದ ನೆನೆಯುವ ನಾವು ಈ ಭಾಗವನ್ನು ಮರೆಯುತ್ತೇವೆ.

ಮತ್ತೊಂದು ಮೌನವೂ ಇದೆ. ಕೊಲ್ಲುವ ಮೊದಲು ದಾದಿಯರ ಮೇಲೆ ಅತ್ಯಾಚಾರ ನಡೆದಿತ್ತು, ಅದನ್ನು ಹೇಳಬಾರದೆಂದು ವಿವಿಯನ್‌ಗೆ ಮೇಲಿನಿಂದ ಅಪ್ಪಣೆಯಾಗಿತ್ತು ಎಂದು ಇತಿಹಾಸಕಾರ್ತಿ ಲಿನೆಟ್ ಸಿಲ್ವರ್ 2019ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಶಿಬಿರದ ಮೌನ ಜೀವ ಉಳಿಸಿತು. ಇದು ಯಾರ ಮಾನ ಉಳಿಸಿತು? ಮನೆತನದ ಮರ್ಯಾದೆಯ ಹೆಸರಿನಲ್ಲಿ ಹೆಂಗಸರ ಬಾಯಿ ಕಟ್ಟುವುದು ನಮಗೂ ಹೊಸದಲ್ಲ.

ಆಕೆ ಮುಂದೆ ಮೆಲ್ಬೋರ್ನ್‌ನ ಫೇರ್‌ಫೀಲ್ಡ್ ಆಸ್ಪತ್ರೆಯ ಮೇಟ್ರನ್ ಆದಳು. 2000ದಲ್ಲಿ ಪರ್ತ್‌ನಲ್ಲಿ ತೀರಿಕೊಂಡಳು. 2023ರಲ್ಲಿ ಕ್ಯಾನ್‌ಬೆರಾ ಸ್ಮಾರಕದ ಅಂಗಳದಲ್ಲಿ ಆಕೆಯ ಪ್ರತಿಮೆ ನಿಂತಿತು. ಅದರ ಬುಡದಲ್ಲಿ 22 ಉಕ್ಕಿನ ಬಿಲ್ಲೆಗಳಿವೆ, ಅಂದು ಆಕೆಯ ಜೊತೆ ಕಡಲಿಗಿಳಿದು ಮರಳದವರಿಗಾಗಿ: 21 ದಾದಿಯರು, ಗಾಯಾಳುಗಳ ಜೊತೆ ಉಳಿದಿದ್ದ ಮತ್ತೊಬ್ಬ ಹೆಂಗಸು.