ಬಿಸಿಲೆಯ ಬೆಂಕಿ: ಹಸಿ ಕಾಡಿನ ಅಂಚುಗಳ ಚರಿತ್ರೆ

ಸಕಲೇಶಪುರ ತಾಲ್ಲೂಕಿನ ಘಟ್ಟದಂಚಿನ ಬಿಸಿಲೆಯದು ಸುಲಭಕ್ಕೆ ಹೊತ್ತಿಕೊಳ್ಳುವ ಕಾಡಲ್ಲ. ಬಲಗಿ, ಧೂಪ, ಸುರಹೊನ್ನೆಗಳ ಮೇಲ್ಛಾವಣಿಯ ಅಡಿಯಲ್ಲಿ ಮಾರ್ಚ್ ತಿಂಗಳಲ್ಲೂ ತರಗಿನ ತಳದ ತೇವ ಪೂರ್ತಿ ಆರಿರುವುದಿಲ್ಲ, ಗಾಳಿ ಒಳಹೊಕ್ಕು ಬೀಸುವುದಿಲ್ಲ. ಆದರೂ ಸಂಕ್ರಾಂತಿ ಕಳೆದದ್ದೇ ತಡ, ಸಕಲೇಶಪುರ, ಆಲೂರು ಸೀಮೆಯಿಂದ ಕಾಡ್ಗಿಚ್ಚಿನ ಸುದ್ದಿ ಬರತೊಡಗುತ್ತದೆ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿ ಸುಟ್ಟಗಾಯಗೊಂಡರು. ಅವರಲ್ಲೊಬ್ಬರು ಬದುಕಿ ಬರಲಿಲ್ಲ. ಇಂಥ ಪ್ರತಿ ಸುದ್ದಿಯ ಕೊನೆಗೂ ಒಂದು ಸಿದ್ಧ ವಾಕ್ಯ ಇರುತ್ತದೆ: ಕಿಡಿಗೇಡಿಗಳು ಹಚ್ಚಿದ ಬೆಂಕಿ.

ಆ ವಾಕ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. ನಮ್ಮ ಕಾಡುಗಳಲ್ಲಿ ಸಿಡಿಲಿನಿಂದ ಹುಟ್ಟುವ ಬೆಂಕಿ ಅತಿ ವಿರಳ. ಕಡ್ಡಿ ಗೀರುವವನು ಬಹುಪಾಲು ಮನುಷ್ಯನೇ. ಆದರೆ ಕಡ್ಡಿ ಗೀರಿದ ಮಾತ್ರಕ್ಕೆ ನಿತ್ಯಹರಿದ್ವರ್ಣದ ಕಾಡು ಉರಿಯುವುದಿಲ್ಲ. ಅದು ಉರಿಯಬೇಕಾದರೆ ಮೊದಲು ಯಾರೋ ಅದನ್ನು ಸೀಳಿ, ಬಿಸಿಲು ಬಿಟ್ಟು, ಹುಲ್ಲು ಬೆಳೆಸಿರಬೇಕು. ಸೀಳಿದವರು ಯಾರು, ಯಾವಾಗ, ಯಾವ ಕಾರಣಕ್ಕೆ ಎಂಬುದನ್ನು ಹಿಂಬಾಲಿಸಿದರೆ ಬಿಸಿಲೆಯ ಬೆಂಕಿಯ ಚರಿತ್ರೆ ಬೇರೆಯೇ ಆಗಿ ಕಾಣುತ್ತದೆ.

ಮೂರು ಆಡಳಿತಗಳ ಮೂಲೆ

ಬಿಸಿಲೆಯ ಹತ್ತಿರದ ಮಂಕನಹಳ್ಳಿಯ ದಿಣ್ಣೆಯಲ್ಲಿ ಬಿದ್ದ ಮಳೆ ಎರಡಾಗಿ ಹರಿಯುತ್ತದೆ. ಒಂದು ಪಾಲು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ, ಇನ್ನೊಂದು ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರಕ್ಕೆ. ನೀರಿನ ಗಡಿಯಂತೆ ಇಲ್ಲಿ ರಾಜಕೀಯದ ಗಡಿಯೂ ಇತ್ತು. 1956ರವರೆಗೆ ಬಿಸಿಲೆ ಮೈಸೂರಿನದು, ಘಟ್ಟದ ಕೆಳಗಿನ ಕುಕ್ಕೆ ಸುಬ್ರಹ್ಮಣ್ಯ ಮದ್ರಾಸಿನದು, ಎದುರಿನ ಪುಷ್ಪಗಿರಿ ಕೊಡಗಿನದು. ಕೊಡಗಿಗೆ ಬ್ರಿಟಿಷ್ ಇಂಡಿಯಾದ ಅರಣ್ಯ ಕಾನೂನು, ದಕ್ಷಿಣ ಕನ್ನಡಕ್ಕೆ 1882ರ ಮದ್ರಾಸ್ ಕಾಯ್ದೆ, ಮಂಜರಾಬಾದಿಗೆ 1900ರ ಮೈಸೂರು ಅರಣ್ಯ ನಿಬಂಧನೆ (ಇಂದಿನ ಸಕಲೇಶಪುರ ತಾಲ್ಲೂಕಿನ ಹಳೆಯ ಹೆಸರೇ ಮಂಜರಾಬಾದ್). ಒಂದೇ ಕಾಡಿಗೆ ಮೂರು ಇಲಾಖೆಗಳು, ಬೆಂಕಿಗೆ ಮಾತ್ರ ಗಡಿ ತಿಳಿಯದು. 1963ರ ಅರಣ್ಯ ಕಾಯ್ದೆ ಬಂದ ಮೇಲೆಯೇ ಈ ಮೂಲೆಗೆ ಒಂದೇ ಕಾನೂನಿನ ಆಸರೆ ಸಿಕ್ಕಿದ್ದು. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು ಆ ಕಾಯ್ದೆಯ 24ನೇ ಪ್ರಕರಣದಡಿ ಅಪರಾಧ.

ಬೆಂಕಿಯ ಮೇಲಿನ ಸರ್ಕಾರಿ ಸಿಟ್ಟು ಅದಕ್ಕಿಂತ ಹಳೆಯದು. 1801ರಲ್ಲಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಾಡು ಕಡಿದು ಸುಟ್ಟು ಬೆಳೆಯುವ ಕುಮರಿ ಬೇಸಾಯವನ್ನು ವಿವರವಾಗಿ ದಾಖಲಿಸಿದ. 1847ರ ಹೊತ್ತಿಗೆ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಕುಮರಿಯಿಂದ ಕಾಡು ಹಾಳಾಗುತ್ತಿದೆಯೆಂದು ದೂರಿದ. ಮೈಸೂರಿನ ಕಮಿಷನರ್ ಕಬ್ಬನ್‌ನ ಆಡಳಿತ ಅದಕ್ಕೆ ಕಡಿವಾಣ ಹಾಕಿತು. ಕ್ಲೆಗ್‌ಹಾರ್ನ್ ಮುಂದೆ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಮೈಸೂರಿನ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಹೆಚ್ಚುಕಡಿಮೆ ಅದೇ ವೇಳೆಗೆ ಮಧ್ಯ ಪ್ರಾಂತ್ಯದ ಬೋರಿ ಕಾಡಿನಲ್ಲಿ, ಬೆಂಕಿಯನ್ನು ಸಂಪೂರ್ಣ ಹೊರಗಿಡುವ ಪ್ರಯೋಗ ಶುರುವಾಗಿ, ಅದೇ ದೇಶದ ಮಾದರಿಯೂ ಆಯಿತು. ಬೋರಿಯದು ತೇಗದ ಒಣ ಕಾಡು. ಬಿಸಿಲೆಗೂ ಅದಕ್ಕೂ ಹೋಲಿಕೆಯೇ ಇಲ್ಲ. ಒಣ ಕಾಡಿನಲ್ಲಿ ಕಲಿತ ಪಾಠವನ್ನು ಹಸಿ ಕಾಡಿಗೆ ಒಪ್ಪಿಸುವ ರೂಢಿ ಅಲ್ಲಿಂದಲೇ ಬಂತೆಂದು ನನ್ನ ಅನಿಸಿಕೆ.

ಏಲಕ್ಕಿಗೆ ಬೇಡವಾದ ಬೆಂಕಿ, ಕಾಫಿಗೆ ಬೇಕಾದ ಬೆಂಕಿ

ಮಂಜರಾಬಾದಿನ ಜನ ಮಳೆಕಾಡಿನೊಂದಿಗೆ ಬದುಕಿದ ಬಗೆಗೆ ಏಲಕ್ಕಿ ಮಲೆ ಒಳ್ಳೆಯ ಸಾಕ್ಷಿ. ದೊಡ್ಡದೊಂದು ಮರವನ್ನು ಉರುಳಿಸಿ, ನೆಲ ಅಲುಗಿ, ಬೆಳಕು ಬಿದ್ದ ಕಡೆ ಏಲಕ್ಕಿ ತಾನಾಗಿ ಚಿಗುರಲು ಬಿಡುತ್ತಿದ್ದರು. ಕಾಡು ತೆರೆಯುತ್ತಿತ್ತು, ಕೆಲವು ವರ್ಷಕ್ಕೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಬೆಂಕಿಗೆ ಅಲ್ಲಿ ಕೆಲಸವೇ ಇರಲಿಲ್ಲ. ತೇವ ಹೋದರೆ ಏಲಕ್ಕಿಯೂ ಹೋದಂತೆ. ಬೆಂಕಿ ಇದ್ದದ್ದು ಮೇಲೆ, ಗುಡ್ಡದ ನೆತ್ತಿಯ ಹುಲ್ಲುಗಾವಲಿನಲ್ಲಿ. ಪಟ್ಲ ಬೆಟ್ಟ, ಒಂಬತ್ತು ಗುಡ್ಡ, ಜೇನುಕಲ್ಲು ಗುಡ್ಡಗಳ ಬೋಳು ನೆತ್ತಿಯಲ್ಲಿ ಒಣಗಿದ ಬೋದೆಹುಲ್ಲು ಸುಟ್ಟರೆ ಮೊದಲ ಮಳೆಗೆ ದನಕ್ಕೆ ಎಳೆ ಹುಲ್ಲು ಸಿಗುತ್ತಿತ್ತು. ಆ ಬೆಂಕಿ ಇಳಿಜಾರಿನಲ್ಲಿ ಹರಿದು ಶೋಲೆಯ ಅಂಚಿಗೆ ಬಂದು ಹಸಿ ಗೋಡೆಗೆ ತಾಗಿ ಸಾಯುತ್ತಿತ್ತು. ದನಗಾಹಿಗಳು ಕಾಡು ಸುಟ್ಟರು ಎಂಬ ಆರೋಪದಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಮರೆಯಾಗಿರುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಕಾಫಿ ತೋಟಗಳು ಬಂದವು. ಮಂಜರಾಬಾದಿನಲ್ಲಿ ನೆಲೆಸಿದ ರಾಬರ್ಟ್ ಎಲಿಯಟ್ 1871ರಲ್ಲೂ 1894ರಲ್ಲೂ ತನ್ನ ಅನುಭವಗಳನ್ನು ಪುಸ್ತಕಗಳಾಗಿ ಪ್ರಕಟಿಸಿದ್ದರಿಂದ ಆ ಕಾಲದ ತೋಟಗಾರನ ತಲೆಯೊಳಗೇನಿತ್ತು ಎಂಬುದು ನಮಗೆ ಚೆನ್ನಾಗಿ ಸಿಗುತ್ತದೆ. ಸಿಲೋನಿನಿಂದ ಬಂದ ಪದ್ಧತಿಯಲ್ಲಿ ಕಾಡನ್ನು ಪೂರ್ತಿ ಕಡಿದು, ಒಣಗಿಸಿ, ಸುಟ್ಟು, ಬೂದಿಯ ಮೇಲೆ ಗಿಡ ನೆಡಬೇಕು. ಕುಮರಿಯವನು ಮಾಡಿದರೆ ಅಪರಾಧ, ದೊರೆ ಮಾಡಿದರೆ ಬೇಸಾಯ! ಈ ಪದ್ಧತಿಯನ್ನು ನಿಲ್ಲಿಸಿದ್ದು ಕಾನೂನಲ್ಲ, ಒಂದು ಹುಳ. 1860ರ ದಶಕದಲ್ಲಿ ಕಾಂಡಕೊರಕ ಕೊಡಗು, ಮೈಸೂರುಗಳ ಬಿಸಿಲಿಗೆ ಒಡ್ಡಿದ ತೋಟಗಳನ್ನು ತಿಂದು ಹಾಕಿತು. ನೆರಳಿದ್ದಲ್ಲಿ ಹಾವಳಿ ಕಡಿಮೆ ಎಂಬುದು ಕಂಡುಬಂದ ಮೇಲೆ ಕಾಡುಮರಗಳನ್ನು ಉಳಿಸಿಕೊಂಡು ಕಾಫಿ ಬೆಳೆಯುವುದು ಇಲ್ಲಿನ ರೀತಿಯಾಯಿತು. ಇಂದಿಗೂ ನೆರಳಿನ ಕಾಫಿ ತೋಟ ಕಾಡ್ಗಿಚ್ಚಿಗೆ ಒಳ್ಳೆಯ ತಡೆ. ಹಳೆಯ ಮರ ತೆಗೆದು ಸಿಲ್ವರ್ ಓಕ್ ಸಾಲು ನೆಟ್ಟ ತೋಟ ಅಷ್ಟು ಒಳ್ಳೆಯ ತಡೆಯಲ್ಲ.

ಗೆರೆಗಳು

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಕಾಡು ತೆರೆಯುವ ರೀತಿಯೇ ಬದಲಾಯಿತು. ಹಿಂದೆ ತುಂಡು ತುಂಡಾಗಿ ತೆರೆಯುತ್ತಿದ್ದ ಕಾಡು ಈಗ ಉದ್ದುದ್ದಕ್ಕೆ ಸೀಳತೊಡಗಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 57 ಸುರಂಗಗಳ ರೈಲು ಮಾರ್ಗ 1979ರಲ್ಲಿ ತೆರೆಯಿತು. 1996ರಲ್ಲಿ ಗೇಜ್ ಬದಲಾವಣೆಗೆ ಮುಚ್ಚಿ, 2006ರಲ್ಲಿ ಸರಕು ಗಾಡಿಗೆ, ಮರುವರ್ಷ ಪ್ರಯಾಣಿಕರಿಗೆ ಮತ್ತೆ ತೆರೆಯಿತು. ಶಿರಾಡಿ ಘಾಟಿಯ ಹೆದ್ದಾರಿ ಅಗಲವಾಯಿತು. ಮಂಗಳೂರು, ಹಾಸನ, ಬೆಂಗಳೂರು ನಡುವಿನ ತೈಲ ಕೊಳವೆ 2003ರ ಹೊತ್ತಿಗೆ ಬಂತು. ಉಡುಪಿ ಸಮೀಪದ ನಂದಿಕೂರಿನ ಉಷ್ಣ ವಿದ್ಯುತ್ತನ್ನು ಹಾಸನದ ಶಾಂತಿಗ್ರಾಮಕ್ಕೆ ಒಯ್ಯುವ 400 ಕೆ.ವಿ. ಮಾರ್ಗ ಘಟ್ಟ ಹತ್ತಿತು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ ನೀರೆತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ನೀರನ್ನು ಮೇಲಕ್ಕೆ ಎತ್ತಬೇಕಾದರೆ ಕರೆಂಟೂ ಕಾಡಿನೊಳಕ್ಕೆ ಬರಬೇಕು. ಗುಂಡ್ಯ ಜಲವಿದ್ಯುತ್ ಯೋಜನೆ ಬರಲಿಲ್ಲ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಅದನ್ನು ಕೈಬಿಡಬೇಕೆಂದಿತು. ಆಗಿನ ಚರ್ಚೆಯಲ್ಲಿ ಅಣೆಕಟ್ಟು, ಸುರಂಗ, ಮುಳುಗಡೆಯದ್ದೇ ಮಾತು. ಆ ವಿದ್ಯುತ್ತು ಹೊರಗೆ ಹೋಗುವ ತಂತಿಯ ದಾರಿಯ ಬಗ್ಗೆ ಸೊಲ್ಲು ಕಡಿಮೆ.

ತಂತಿಯ ದಾರಿಗೆ ಅಗಲ ಎಷ್ಟು? ಅರಣ್ಯದಲ್ಲಿ 11 ಕೆ.ವಿ.ಗೆ 7 ಮೀಟರ್, 33ಕ್ಕೆ 15, 66ಕ್ಕೆ 18, 220ಕ್ಕೆ 35, 400ಕ್ಕೆ 46 ಮೀಟರ್ ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಏಳು ಮೀಟರ್ ಅಗಲದ ಮೇಲೆ ಎರಡೂ ಬದಿಯ ಮರಗಳು ಹೆಚ್ಚುಕಡಿಮೆ ಕೈಕೂಡಿಸಬಲ್ಲವು, 46 ಮೀಟರಿನ ಮೇಲೆ ಎಂದಿಗೂ ಇಲ್ಲ. ಒಂದು ಕಿಲೋಮೀಟರ್ 400 ಕೆ.ವಿ. ಮಾರ್ಗವೆಂದರೆ 4.6 ಹೆಕ್ಟೇರ್ ಕಾಡು. ಕಾಗದದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಬೆಂಕಿಯ ಲೆಕ್ಕದಲ್ಲಿ ಅದು ಎರಡು ಕಿಲೋಮೀಟರ್ ಹೊಸ ಅಂಚು. ಆ ಅಂಚಿನಲ್ಲಿ ಮೊದಲು ಜರಿಗಿಡ, ಆಮೇಲೆ ಹುಲ್ಲು, ಲಂಟಾನ, ಕಮ್ಯುನಿಸ್ಟ್ ಗಿಡ. ಜನವರಿಯಲ್ಲಿ ಇವೆಲ್ಲ ಒಣಗಿ ನಿಲ್ಲುತ್ತವೆ. ತೆಳು ತೊಗಟೆಯ ಹಸಿಗಾಡಿನ ಮರ ಒಂದೇ ನೆಲಬೆಂಕಿಗೆ ಬುಡ ಬೆಂದು ಒಂದೆರಡು ವರ್ಷದಲ್ಲಿ ಒಣಗಿದರೆ, ಅಂಚು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಹೀಗೆ ಪ್ರತಿ ಬೆಂಕಿಯೂ ಮುಂದಿನ ಬೆಂಕಿಗೆ ದಾರಿ ಮಾಡಿಕೊಡುತ್ತದೆ. 2014–15ರಲ್ಲಿ ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಮಾರ್ಗಕ್ಕೆ ಕೊಡಗಿನಲ್ಲಿ ದೊಡ್ಡ ಪ್ರತಿರೋಧ ಎದ್ದಾಗಲೂ ವಾದ ನಡೆದದ್ದು ಮರಗಳ ಸಂಖ್ಯೆಯ ಮೇಲೆ. 50 ಸಾವಿರಕ್ಕೂ ಹೆಚ್ಚು ಮರ ಎಂಬುದು ಜನರ ಎದೆಗೆ ತಟ್ಟುವ ಅಂಕಿ, ಒಪ್ಪೋಣ. ಅಂಚಿನ ಉದ್ದ ಮಾತ್ರ ಯಾರ ಎದೆಗೂ ತಟ್ಟಲಿಲ್ಲ.

ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಅಂಶವೂ ಇದೆ. ತಂತಿ ಎಳೆಯಲು ಪ್ರತಿ ತಂತಿಯಡಿ ಸುಮಾರು 3 ಮೀಟರ್ ಪಟ್ಟಿ ತೆರವುಗೊಳಿಸಬಹುದು. ಎಳೆದಾದ ಮೇಲೆ ನಿರ್ವಹಣೆಗೆ ಒಂದು ಪಟ್ಟಿ ಬಿಟ್ಟು ಉಳಿದೆಡೆ ಕಾಡು ಮತ್ತೆ ಚಿಗುರಲು ಬಿಡಬೇಕು. ಬಿಸಿಲೆಯಂಥ ಮಳೆಯಲ್ಲಿ ಹಾಗೆ ಬಿಟ್ಟರೆ ಗಿಡ ಏಳುವುದೂ ಬೇಗ. ಆದರೆ ನಿರ್ವಹಣೆಯವರಿಗೆ ಬೋಳು ನೆಲವೇ ಅನುಕೂಲ.

ತಂತಿಯ ಕಿಡಿ

ಹೊರದೇಶಗಳಲ್ಲಿ ತಂತಿಯೇ ಕಡ್ಡಿಯಾದ ಉದಾಹರಣೆಗಳಿವೆ. 2009ರ ಫೆಬ್ರವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸತ್ತ 173 ಮಂದಿಯಲ್ಲಿ 119 ಮಂದಿ ಸತ್ತದ್ದು ಕಿಲ್ಮೋರ್ ಈಸ್ಟ್ ಬಳಿ ಒಂದು ವಿದ್ಯುತ್ ತಂತಿ ತುಂಡಾಗಿ ಹುಟ್ಟಿದ ಬೆಂಕಿಯಲ್ಲಿ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಸುಟ್ಟು 85 ಮಂದಿ ಸತ್ತರು. ಸುಮಾರು ಒಂದು ಶತಮಾನ ಹಳೆಯದಾದ ಗೋಪುರದಲ್ಲಿ ತಂತಿ ಹಿಡಿದಿದ್ದ ಕೊಕ್ಕೆ ಸವೆದು ಮುರಿದಿತ್ತು. ವಿದ್ಯುತ್ ಕಂಪನಿ 2020ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು.

ಇವನ್ನು ಬಿಸಿಲೆಗೆ ಹಾಗೆಯೇ ತಂದು ಹಚ್ಚುವುದು ತಪ್ಪು. ಅಲ್ಲಿ ಒಣ ಹವೆ ಮತ್ತು ಬಿರುಗಾಳಿ ಒಟ್ಟಿಗೆ ಬರುತ್ತವೆ. ಇಲ್ಲಿ ಬಿರುಗಾಳಿ ಜೂನ್, ಜುಲೈನಲ್ಲಿ. ಕಂಬ ಬೀಳುವುದು, ತಂತಿ ಹರಿಯುವುದು, ಹೆತ್ತೂರು, ಯಸಳೂರು ಹೋಬಳಿಗಳು ದಿನಗಟ್ಟಲೆ ಕತ್ತಲಲ್ಲಿ ಕೂರುವುದು ಎಲ್ಲವೂ ಕಾಡು ನೀರು ಕುಡಿದು ನಿಂತ ಕಾಲದಲ್ಲಿ. ಆಗ ಬಿದ್ದ ತಂತಿ ಕಾಡು ಸುಡದು, ಮನುಷ್ಯರನ್ನೂ ದನಗಳನ್ನೂ ಕೊಲ್ಲುತ್ತದೆ.

ಬೆಂಕಿಯ ತಿಂಗಳಲ್ಲಿ ತಂತಿಗೆ ಬೇರೆ ಒತ್ತಡ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ತೋಟಗಳು ಸ್ಪ್ರಿಂಕ್ಲರ್ ಹಾಕುತ್ತವೆ. ಕರೆಂಟಿನ ಮೋಟಾರುಗಳೆಲ್ಲ ಒಂದೇ ಸಲಕ್ಕೆ ಓಡಿದರೆ ಟ್ರಾನ್ಸ್‌ಫಾರ್ಮರ್ ಕಾಯುತ್ತದೆ, ಫ್ಯೂಸ್ ಸಿಡಿಯುತ್ತದೆ, ಬಿಸಿಯಾದ ತಂತಿ ಜೋಲುತ್ತದೆ. ಬೀದಿ ಬಿಟ್ಟು ಉಳಿದ ಕಡೆ 11 ಕೆ.ವಿ. ವರೆಗಿನ ಬರಿ ತಂತಿ ನೆಲದಿಂದ 4.6 ಮೀಟರಿಗಿಂತ ಕೆಳಗಿರಕೂಡದು ಎಂಬುದು ನಿಯಮ. ಇಳಿಜಾರಿನಲ್ಲಿ, ಉದ್ದ ಅಂತರದ ಕಂಬಗಳ ನಡುವೆ, ಇದನ್ನು ಕಾಯುವುದು ಕಷ್ಟ. ಕಾಳುಮೆಣಸು ಕೊಯ್ಯುವ ಅಲ್ಯುಮಿನಿಯಂ ಏಣಿ ತಾಗಿ ಕೂಲಿಯವರು ಸಾಯುವುದು, ಆನೆ ಸಾಯುವುದು ಹಲವು ಸಲ ಈ ಜೋಲುವ ತಂತಿಗಳಿಂದ. ತಂತಿ ಒಣ ನೆಲಕ್ಕೆ ಬಿದ್ದಾಗ ಇನ್ನೊಂದು ತೊಡಕು: ನೆಲದ ಮೂಲಕ ಹರಿಯುವ ಕರೆಂಟು ಎಷ್ಟು ಕಡಿಮೆಯೆಂದರೆ ಉಪಕೇಂದ್ರದ ರಿಲೇಗೆ ದೋಷ ಕಾಣುವುದೇ ಇಲ್ಲ. ಲೈನ್ ಟ್ರಿಪ್ ಆಗುವುದಿಲ್ಲ, ತಂತಿ ಹುಲ್ಲಿನಲ್ಲಿ ಕಿಡಿ ಕಾರುತ್ತಾ ಬಿದ್ದಿರುತ್ತದೆ.

ಮಳೆಗಾಲಕ್ಕೆ ಮೊದಲು ವಿದ್ಯುತ್ ಸಿಬ್ಬಂದಿ ಮಾಡುವ ‘ಜಂಗಲ್ ಕಟಿಂಗ್’ ಅಗತ್ಯದ ಕೆಲಸ. ಕಡಿದ ಕೊಂಬೆಗಳನ್ನು ತಂತಿಯಡಿಯಲ್ಲೇ ಬಿಟ್ಟುಬಂದರೆ ಮಾತ್ರ ಅದು ಬೇಸಿಗೆಯ ಕೊನೆಯಲ್ಲಿ ಸೌದೆ ಒಟ್ಟಿದಂತೆ. ಕೊಂಬೆ ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು, ಬಿಟ್ಟುಬರಲು ಯಾರ ಅನುಮತಿಯೂ ಬೇಡ. ಇದೊಂದನ್ನು ಸರಿಪಡಿಸಲು ಹೊಸ ಕಾಯ್ದೆಯೂ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ.

ಬಂಡೀಪುರದ ಕಣ್ಣಿನಲ್ಲಿ ಬಿಸಿಲೆ

ಕರ್ನಾಟಕದ ಬೆಂಕಿ ನೀತಿಯನ್ನು ರೂಪಿಸಿದ್ದು ಒಣ ಕಾಡುಗಳ ದುರಂತಗಳು. 2018ರ ಮಾರ್ಚ್‌ನಲ್ಲಿ ನಾಗರಹೊಳೆಯ ನಿರ್ದೇಶಕ ಎಸ್. ಮಣಿಕಂಠನ್ ಬೆಂಕಿ ಬಿದ್ದ ಜಾಗ ನೋಡಲು ಹೋಗಿ ಆನೆ ದಾಳಿಗೆ ಬಲಿಯಾದರು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಆಮೇಲೆ ಬೆಂಕಿ ರೇಖೆ, ಕಾವಲುಗಾರರು, ಉಪಗ್ರಹದ ಎಚ್ಚರಿಕೆ ಎಲ್ಲಕ್ಕೂ ಬಲ ಬಂತು. ಬಂಡೀಪುರಕ್ಕೆ ಇದು ಸರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಾದರೋ ಆ ಒಣ ಕಾಡಿನಲ್ಲೂ ಹೊತ್ತಿಗೆ ಮುಂಚೆ ಹಚ್ಚುವ ತರಗು ಬೆಂಕಿ ಬೇಕೇ ಬೇಕು, ಅದನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಹಬ್ಬಿತು ಎನ್ನುತ್ತಾರೆ. ಆ ವಾದದಲ್ಲಿ ಹುರುಳಿದೆ. ಬಿಸಿಲೆಗೆ ಈ ಎರಡೂ ಹೊಂದುವುದಿಲ್ಲ. ದಟ್ಟ ಹಸಿಗಾಡಿನೊಳಗೆ ಬೆಂಕಿ ರೇಖೆ ಕಡಿದರೆ ಅದೇ ಇನ್ನೊಂದು ಅಂಚು. ತರಗು ಬೆಂಕಿ ಹಚ್ಚಿದರೆ ಬಲಗಿಯ ಸಸಿಗಳೆಲ್ಲ ಸತ್ತವು. ಇಲ್ಲಿ ರೇಖೆ ಬೇಕಾದದ್ದು ಹುಲ್ಲುಗಾವಲಿಗೂ ತಂತಿ ದಾರಿಗೂ ನಡುವೆ, ಹಳಿಯ ಬದಿಯಲ್ಲಿ, ಜೀಪುಗಳು ಪ್ರವಾಸಿಗರನ್ನು ಹೊತ್ತೊಯ್ಯುವ ಗುಡ್ಡದ ದಾರಿಗಳಲ್ಲಿ. ಆಲೂರಿನ ಕಡೆಯದು ಮೂರನೆಯ ಬಗೆ. ಅಲ್ಲಿ ಅರಣ್ಯದ ತುಣುಕುಗಳ ನಡುವೆ ನೆಟ್ಟ ಅಕೇಶಿಯಾ, ನೀಲಗಿರಿಗಳ ಒಣ ಎಲೆಯೇ ಇಂಧನ. ಮೂರಕ್ಕೂ ಒಂದೇ ಸುತ್ತೋಲೆ ಹೋಗುತ್ತದೆ.

ಮೊದಲಿನ ಆ ಸಿದ್ಧ ವಾಕ್ಯಕ್ಕೆ, ಅಂದರೆ ಬೆಂಕಿಯ ವರದಿಯಲ್ಲಿ ಕಾರಣ ಬರೆಯುವ ಕಾಲಂಗೆ, ಮರಳೋಣ. 2017ರಿಂದ ಭಾರತೀಯ ಅರಣ್ಯ ಸಮೀಕ್ಷೆ ಬಳಸುವ ಉಪಗ್ರಹ ಸಂವೇದಕ 375 ಮೀಟರಿನ ಚೌಕದಲ್ಲಿ ಬೆಂಕಿ ಹಿಡಿಯುತ್ತದೆ. ಹಾಯುವುದು ಮಧ್ಯಾಹ್ನ, ಮಧ್ಯರಾತ್ರಿಗಳ ಒಂದೂವರೆ ಗಂಟೆಯ ಆಸುಪಾಸಿನಲ್ಲಿ. ಎಲ್ಲಿ ಎಂದು ಅದು ಹೇಳೀತು, ಯಾಕೆ ಎಂದು ಹೇಳಲಾರದು. ಹಾಸನ ಜಿಲ್ಲೆಗೆ ವಿದ್ಯುತ್ ಹಂಚುವ ಸೆಸ್ಕ್ ಉಪಕೇಂದ್ರಗಳಲ್ಲಿ ಯಾವ ಫೀಡರ್ ಯಾವ ನಿಮಿಷಕ್ಕೆ ಟ್ರಿಪ್ ಆಯಿತು ಎಂಬ ಪುಸ್ತಕ ಇರುತ್ತದೆ. ರಿಲೇಗೆ ಕಾಣದ ದೋಷ ಆ ಪುಸ್ತಕಕ್ಕೂ ಏರದು, ನಿಜ; ಉಳಿದವಾದರೂ ಸಿಕ್ಕಾವು. ಜನವರಿಯಿಂದ ಏಪ್ರಿಲ್‌ವರೆಗಿನ ಈ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು, ತಂತಿ ದಾರಿಯ ನಕ್ಷೆಯ ಮೇಲೆ ಹಾಸಿ, ಸ್ಥಳ ನೋಡಿದ ಮೇಲೆ ಕಾಲಂ ತುಂಬಿಸಬಹುದು. ಅರಣ್ಯ ಇಲಾಖೆಯ ಬಳಿ ಒಂದು ದಾಖಲೆ, ವಿದ್ಯುತ್ ಕಂಪನಿಯ ಬಳಿ ಇನ್ನೊಂದು. ಅಲ್ಲಿಯವರೆಗೆ ಆ ಕಾಲಂನಲ್ಲಿ ಕಿಡಿಗೇಡಿಯ ಹೆಸರೇ ಇರುತ್ತದೆ.